ಕಾಣದ ಐಬು: ಕುದುರೆಯ ಕೊರಳಿನೊಳಗೆ ಇಣುಕಿದ ಚರಿತ್ರೆ

'ಐಬು' ಎಂಬುದು ಅರಬಿಯಿಂದ ಬಂದ ಮಾತೆಂಬುದನ್ನು ಕನ್ನಡಿಗರು ಮರೆತೇಬಿಟ್ಟಿದ್ದಾರೆ. ಎತ್ತು ಕೊಳ್ಳುವಾಗ, ಮನೆ ಖರೀದಿಸುವಾಗ, ಹೆಣ್ಣು ಗಂಡು ನೋಡುವಾಗ 'ಏನಾದರೂ ಐಬು ಇದೆಯೇ' ಎಂದು ಸಹಜವಾಗಿ ಕೇಳುತ್ತೇವೆ. ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಈ ಪದಕ್ಕೆ ಒಂದು ನಿಶ್ಚಿತ ಸ್ಥಾನವಿದೆ. ಮಾರಾಟಕ್ಕೆ ಮೊದಲೇ ವಸ್ತುವಿನಲ್ಲಿ ಅಡಗಿದ್ದ ಐಬು ಆಮೇಲೆ ಹೊರಬಿದ್ದರೆ, ಕೊಂಡವನಿಗೆ ಅದನ್ನು ಹಿಂದಿರುಗಿಸುವ ಹಕ್ಕಿದೆ. ಫಿಕ್ಹ್ ಗ್ರಂಥಗಳು ಇದನ್ನು 'ಖಿಯಾರುಲ್ ಐಬ್' ಎನ್ನುತ್ತವೆ. ಗೊತ್ತಿದ್ದೂ ಐಬು ಮುಚ್ಚಿಟ್ಟು ಮಾರುವುದು ವಂಚನೆಯೆಂದು ಪ್ರವಾದಿ ಮುಹಮ್ಮದ್(ಸ)ರು ಎಚ್ಚರಿಸಿದ್ದರು. ಒಮ್ಮೆ ಅವರು ಧಾನ್ಯದ ರಾಶಿಯೊಂದರೊಳಗೆ ಕೈ ತೂರಿಸಿದಾಗ, ಮೇಲೆ ಒಣಗಿದಂತೆ ಕಂಡ ರಾಶಿ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಸಮಜಾಯಿಷಿ ಕೊಟ್ಟ. ಹಾಗಿದ್ದರೆ ನೆನೆದದ್ದನ್ನು ಜನರ ಕಣ್ಣಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಅವರು ಕೇಳಿದ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ.

ಧಾನ್ಯದ ರಾಶಿಗಾದರೆ ಕೈ ಹಾಕಬಹುದು. ಕುದುರೆಯ ಕೊರಳಿನ ಒಳಗನ್ನು ನೋಡುವುದು ಹೇಗೆ? ಅಲ್ಲಿನ ಕೀಲು ಸವೆದಿದೆಯೇ, ಊದಿದೆಯೇ, ಬೆನ್ನುಹುರಿಯನ್ನು ಒತ್ತುತ್ತಿದೆಯೇ ಎಂದು ಹೇಳಲು ಕುದುರೆಗೆ ಬಾಯಿಲ್ಲ. ಕುದುರೆಯ ಒಳಗನ್ನು ಹೊರಗಿನಿಂದ ಓದಲು ಮನುಷ್ಯ ಪಟ್ಟ ಪಾಡಿಗೆ ಸಾವಿರ ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಕೊನೆಗೆ ಒಳಗನ್ನು ತೋರಿಸುವ ಯಂತ್ರ ಸಿಕ್ಕಿದ ಮೇಲೆ ಇನ್ನೊಂದು ಪ್ರಶ್ನೆ ಹುಟ್ಟಿಕೊಂಡಿತು. ಕಂಡದ್ದೆಲ್ಲ ಐಬೇ?

ಏಳು ಮೂಳೆಗಳ ಕೊರಳು

ಕುದುರೆಯ ಕೊರಳು ಎಷ್ಟೇ ನೀಳವಾಗಿದ್ದರೂ ಅದರಲ್ಲಿರುವ ಕಶೇರುಮಣಿಗಳು ಮನುಷ್ಯನ ಕತ್ತಿನಲ್ಲಿರುವಷ್ಟೇ, ಅಂದರೆ ಏಳು. ತಲೆಬುರುಡೆ ಮತ್ತು ಮೊದಲ ಮೂಳೆಯ ನಡುವಿನ ಕೀಲು 'ಹೌದು' ಎನ್ನುವಂತೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಮೊದಲ ಮತ್ತು ಎರಡನೇ ಮೂಳೆಗಳ ನಡುವಿನದು 'ಅಲ್ಲ' ಎನ್ನುವಂತೆ ಪಕ್ಕಕ್ಕೆ ತಿರುಗಿಸುತ್ತದೆ. ಅಲ್ಲಿಂದಾಚೆಗೆ ಪ್ರತಿ ಎರಡು ಮೂಳೆಗಳನ್ನು ಎಡಕ್ಕೊಂದು ಬಲಕ್ಕೊಂದು ಕೀಲು ಜೋಡಿಸುತ್ತದೆ. ಈ ಕೀಲುಗಳ ಮಗ್ಗುಲಲ್ಲೇ ಬೆನ್ನುಹುರಿ ಹಾದುಹೋಗುವ ನಾಳವಿದೆ, ಕಾಲುಗಳಿಗೆ ಹೋಗುವ ನರಗಳು ಹೊರಬೀಳುವ ಕಂಡಿಗಳಿವೆ. ಕೀಲು ಊದಿದರೆ, ಅದರ ಅಂಚಿನಲ್ಲಿ ಹೊಸ ಮೂಳೆ ಬೆಳೆದರೆ, ಏಟು ಬೀಳುವುದು ಈ ಎರಡಕ್ಕೆ.

ಜೂಲಿನ ಕೆಳಗೇ ಮೂಳೆಗಳ ಸಾಲು ಇದೆಯೆಂದು ನೋಡುವವರು ಭಾವಿಸುತ್ತಾರೆ. ಅದು ಹಾಗಿಲ್ಲ. ತಲೆಯ ಬಳಿ ಮೇಲಿರುವ ಸಾಲು ಬಳುಕಿಕೊಂಡು, ಎದೆಯ ಕಡೆಗೆ ಬರುವಾಗ ಶ್ವಾಸನಾಳದ ಸಮೀಪ ಆಳಕ್ಕೆ ಇಳಿದಿರುತ್ತದೆ. ಸವೆತ ಹೆಚ್ಚಾಗಿ ಕಾಣಿಸಿಕೊಳ್ಳುವ ಐದು, ಆರು, ಏಳನೆಯ ಮೂಳೆಗಳ ಕೀಲುಗಳು ಇರುವುದು ಅಲ್ಲೇ, ದಪ್ಪ ಸ್ನಾಯುಗಳ ಮತ್ತು ಹೆಗಲಿನ ಮರೆಯಲ್ಲಿ. ಬೆರಳಿಗೆ ಅವು ಎಟುಕುವುದಿಲ್ಲ.

ರೋಗದ ಲಕ್ಷಣವೂ ದಾರಿ ತಪ್ಪಿಸುವಂಥದ್ದೇ. ತೊಂದರೆ ಕೊರಳಿನಲ್ಲಿದ್ದರೂ ಮೊದಲು ಎಡವುವುದು ಹಿಂಗಾಲು. ಹಿಂಗಾಲಿಗೆ ಸಂಬಂಧಿಸಿದ ನರತಂತುಗಳು ಬೆನ್ನುಹುರಿಯ ಹೊರಪದರದ ಕಡೆ ಇರುವುದರಿಂದ ಒತ್ತಡ ಮೊದಲು ತಟ್ಟುವುದು ಅವುಗಳಿಗೆ. ಕುದುರೆ ಕುಡಿದವನಂತೆ ತೂರಾಡುತ್ತದೆ, ತಿರುವಿನಲ್ಲಿ ಕಾಲಿಗೆ ಕಾಲು ತೊಡರಿಕೊಳ್ಳುತ್ತದೆ. ನೋಡುವವರು ಸೊಂಟ ಹಿಡಿದಿದೆ ಎನ್ನುತ್ತಾರೆ, ಗೊರಸು ನೋಡುತ್ತಾರೆ, ಲಾಳ ಬದಲಿಸುತ್ತಾರೆ. ಇನ್ನು ಕೆಲವು ಕುದುರೆಗಳು ಲಗಾಮು ಎಳೆದತ್ತ ಕತ್ತು ತಿರುಗಿಸುವುದೇ ಇಲ್ಲ. ಅಂಥದ್ದಕ್ಕೆ 'ಹಟಮಾರಿ' ಎಂಬ ಹೆಸರು ಬೀಳುತ್ತದೆ. ಹೆಸರಿನ ಹಿಂದೆಯೇ ಚಬುಕಿನ ಏಟು.

ಬೈತಾರ್ ಮತ್ತು ಸಾಲೋತ್ರಿ

ಕುದುರೆ ವೈದ್ಯನಿಗೆ ಅರಬಿಯಲ್ಲಿ 'ಬೈತಾರ್' ಎನ್ನುತ್ತಾರೆ. ಗ್ರೀಕರ 'ಹಿಪ್ಪಿಯಾತ್ರೋಸ್' ಪದವೇ ಹೀಗೆ ಅರಬಿಯ ವೇಷ ತೊಟ್ಟಿತು. ಉರ್ದುವಿನಲ್ಲಿ ಅದೇ ವೈದ್ಯನಿಗೆ 'ಸಾಲೋತ್ರಿ' ಎಂಬ ಇನ್ನೊಂದು ಹೆಸರಿದೆ. ಇದು ಅಶ್ವಶಾಸ್ತ್ರದ ಆದ್ಯನೆಂದು ಸಂಸ್ಕೃತ ಪರಂಪರೆ ನಂಬುವ ಶಾಲಿಹೋತ್ರನ ಹೆಸರು. ಗ್ರೀಕರದ್ದು ಅರಬರ ಬಾಯಲ್ಲಿ, ಸಂಸ್ಕೃತದ್ದು ಮುಸಲ್ಮಾನರ ಮನೆಮಾತಿನಲ್ಲಿ ಉಳಿದಿರುವುದು ಕುದುರೆಯ ಕೃಪೆಯಿಂದ. ಮೂಕಪ್ರಾಣಿಯ ನೋವು ತಿಳಿಯಬೇಕೆಂದವರು ಜ್ಞಾನದ ಜಾತಿ ಕೇಳಲಿಲ್ಲ.

9ನೇ ಶತಮಾನದ ಬಗ್ದಾದಿನಲ್ಲಿ ಅಬ್ಬಾಸಿ ಖಲೀಫರ ಲಾಯವನ್ನು ನೋಡಿಕೊಂಡಿದ್ದ ಇಬ್ನ್ ಅಖೀ ಹಿಝಾಮ್, ಸವಾರಿ ಮತ್ತು ಕುದುರೆ ವೈದ್ಯದ ಬಗ್ಗೆ ಗ್ರಂಥ ಬರೆದ. ಈ ವಿಷಯದಲ್ಲಿ ನಮಗೆ ಉಳಿದು ಬಂದಿರುವ ಅತಿ ಹಳೆಯ ಅರಬಿ ಕೃತಿಗಳಲ್ಲಿ ಅದೊಂದು. 14ನೇ ಶತಮಾನದ ಕೈರೋದಲ್ಲಿ, ಕುದುರೆಗಳ ಹುಚ್ಚು ಹತ್ತಿಸಿಕೊಂಡಿದ್ದ ಮಮ್ಲೂಕ್ ಸುಲ್ತಾನ ಅಲ್ ನಾಸಿರ್ ಮುಹಮ್ಮದನ ಮುಖ್ಯ ಬೈತಾರನಾಗಿದ್ದ ಅಬೂಬಕರ್, 'ಅಲ್ ನಾಸಿರೀ' ಎಂದೇ ಪ್ರಸಿದ್ಧವಾದ ದೊಡ್ಡ ಗ್ರಂಥ ರಚಿಸಿದ. ಕುದುರೆಯ ಒಳ್ಳೆಯ ಲಕ್ಷಣಗಳೇನು, ಐಬುಗಳೇನು ಎಂದು ಹೇಳಿಕೊಡುವುದು ಇಂಥ ಗ್ರಂಥಗಳ ಮುಖ್ಯ ಕೆಲಸ.

ನಮ್ಮ ನೆಲಕ್ಕೂ ಈ ಪರಂಪರೆಗೂ ನೇರ ನಂಟಿದೆ. ಅರೇಬಿಯಾ ಮತ್ತು ಹೊರ್ಮುಝ್ ಕಡೆಯಿಂದ ಹಡಗುಗಳಲ್ಲಿ ಬಂದ ಕುದುರೆಗಳು ಭಟ್ಕಳದಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಬಹಮನಿಗಳಿಗೂ ಅವು ಬೇಕಿದ್ದವು. ಬಹಮನಿ ಸುಲ್ತಾನ ಅಹ್ಮದ್ ಶಾಹ್ ವಲಿಯ ಆಶ್ರಯದಲ್ಲಿ ಅಬ್ದುಲ್ಲಾ ಬಿನ್ ಸಫೀ ಎಂಬಾತ ಶಾಲಿಹೋತ್ರವನ್ನು ಪಾರಸಿಗೆ ಅನುವಾದಿಸಿದ. ಅದಕ್ಕೂ ಮೊದಲೇ 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ವಿಚಾರ ಬರೆದಿದ್ದ. ಜ್ಞಾನ ಇಲ್ಲದ ಕಡೆ ಏನಾಗುತ್ತಿತ್ತೆಂಬುದಕ್ಕೆ 13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದ ವೆನಿಸ್ಸಿನ ಮಾರ್ಕೋ ಪೋಲೋ ಒಂದು ಕಹಿ ಸಂಗತಿ ದಾಖಲಿಸಿದ್ದಾನೆ. ಅಲ್ಲಿನ ಅರಸರು ಸಾವಿರಾರು ಕುದುರೆ ಕೊಂಡರೂ ವರ್ಷ ತುಂಬುವುದರೊಳಗೆ ಬಹುಪಾಲು ಸಾಯುತ್ತಿದ್ದವಂತೆ. ಕುದುರೆ ತಂದು ಮಾರುವ ವ್ಯಾಪಾರಿಗಳು ಕುದುರೆ ವೈದ್ಯರನ್ನು ಕರೆತರುತ್ತಿರಲಿಲ್ಲ, ಬೇರೆಯವರು ಬರುವುದಕ್ಕೂ ಬಿಡುತ್ತಿರಲಿಲ್ಲ. ಹಳೆಯವು ಸತ್ತರೆ ತಾನೇ ಹೊಸವು ಮಾರಾಟವಾಗುವುದು?

ಈ ಬೈತಾರರಿಗೂ ಸಾಲೋತ್ರಿಗಳಿಗೂ ಇದ್ದ ಉಪಕರಣ ಕಣ್ಣು ಮತ್ತು ಕೈ. ನಡೆಸಿ ನೋಡಿದರು, ಓಡಿಸಿ ನೋಡಿದರು, ಒತ್ತಿ ನೋಡಿದರು. ಲಾಳ ಕಟ್ಟುವ ನಾಲಬಂದನೂ ಅವರಿಗೆ ಸಹಾಯಕನೇ. ಹಿಂಗಾಲಿನ ಲಾಳದ ಮೂತಿ ಮಾತ್ರ ಬೇಗ ಸವೆದಿದ್ದರೆ ಕುದುರೆ ಕಾಲೆಳೆದು ನಡೆಯುತ್ತಿದೆಯೆಂದು ಗೊತ್ತಾಗುತ್ತದೆ. ಕಾಲೇಕೆ ಎಳೆಯುತ್ತಿದೆ ಎಂಬುದಕ್ಕೆ ಮಾತ್ರ ಉತ್ತರವಿರಲಿಲ್ಲ.

ಸತ್ತ ಕುದುರೆಯಿಂದ ಬದುಕಿದ ಕುದುರೆಗೆ

ಒಳಗನ್ನು ನೋಡಲು ಬಹುಕಾಲ ಇದ್ದ ದಾರಿ ಒಂದೇ: ಸತ್ತ ಮೇಲೆ ಕೊಯ್ದು ನೋಡುವುದು. 1598ರಲ್ಲಿ ಬೊಲೋನ್ಯಾದ ಕಾರ್ಲೋ ರುಯಿನಿಯ ಅಶ್ವ ಅಂಗರಚನೆಯ ಗ್ರಂಥ ಪ್ರಕಟವಾಯಿತು. 1766ರಲ್ಲಿ ಇಂಗ್ಲೆಂಡಿನ ಚಿತ್ರಕಾರ ಜಾರ್ಜ್ ಸ್ಟಬ್ಸ್, ಹಳ್ಳಿಯ ಮನೆಯೊಂದರಲ್ಲಿ ತಿಂಗಳುಗಟ್ಟಲೆ ಕುದುರೆಗಳ ಹೆಣಗಳನ್ನು ಪದರ ಪದರವಾಗಿ ಬಿಡಿಸಿ ಬರೆದ ಚಿತ್ರಗಳನ್ನು ಹೊರತಂದ. ಈ ನಡುವೆ 1762ರಲ್ಲಿ ಕ್ಲೋದ್ ಬೂರ್ಜಲಾ ಫ್ರಾನ್ಸಿನ ಲಿಯೋನ್‌ನಲ್ಲಿ ಪಶುವೈದ್ಯ ಶಾಲೆ ತೆರೆದಿದ್ದ. ಕೊರಳಿನ ಪ್ರತಿ ಮೂಳೆಯ ಆಕಾರವೂ ಈಗ ಗೊತ್ತಾಯಿತು. ಆದರೆ ಲಾಯದಲ್ಲಿ ನಿಂತು ನಡುಗುತ್ತಿರುವ ಕುದುರೆಯ ಕೊರಳಿನಲ್ಲಿ ಏನಾಗಿದೆ ಎಂಬುದು ಗೊತ್ತಾಗಲಿಲ್ಲ.

1895ರ ನವೆಂಬರಿನಲ್ಲಿ ಜರ್ಮನಿಯ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ. ಮರುವರ್ಷವೇ ಯುರೋಪಿನ ಪಶುವೈದ್ಯರು ಕುದುರೆಯ ಕಾಲಿನ ಮೇಲೆ ಅದನ್ನು ಪ್ರಯೋಗಿಸಿದರು. ಗೊರಸು ಮತ್ತು ಕಾಲು ತೆಳುವಾದ ಭಾಗಗಳು. ಕಿರಣ ಸುಲಭವಾಗಿ ತೂರುತ್ತದೆ. ಕೊರಳಿನ ಬುಡ ಹಾಗಲ್ಲ. ಅಷ್ಟು ಮಾಂಸದ ಮೂಲಕ ಕಿರಣ ಹಾಯಿಸಲು ದೊಡ್ಡ ಶಕ್ತಿಯ ಯಂತ್ರ ಬೇಕು. ಆಗಿನ ದುರ್ಬಲ ಯಂತ್ರಗಳಲ್ಲಿ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಕಾಯಬೇಕಿತ್ತು. ಅಲ್ಲಾಡದೆ ನಿಲ್ಲೆಂದು ಕುದುರೆಗೆ ಹೇಳುವವರಾರು?

ತೂರಾಡುವ ಕುದುರೆಗಳ ರೋಗಕ್ಕೆ ವೈದ್ಯಲೋಕದಲ್ಲಿ ಒಂದು ಹೆಸರು ಬಂದದ್ದೇ ತಡವಾಗಿ. 1939ರಲ್ಲಿ ಅಮೆರಿಕದ ಕೆಂಟಕಿಯ ಡಿಮೋಕ್ ಮತ್ತು ಎರಿಂಗ್ಟನ್ ಎಂಬ ವಿಜ್ಞಾನಿಗಳು ಇಂಥ ಕುದುರೆಗಳ ಬಗ್ಗೆ ಲೇಖನ ಪ್ರಕಟಿಸಿ, ಅವನ್ನು 'ವಾಬ್ಲರ್', ಅಂದರೆ ತೂರಾಡುವವು, ಎಂದು ಕರೆದರು. ಈ ರೋಗಕ್ಕೆ ಎರಡು ಮುಖಗಳಿವೆಯೆಂದು ಮುಂದೆ ಸ್ಪಷ್ಟವಾಯಿತು. ಬೇಗ ಬೇಗ ಬೆಳೆಯುವ ಎಳೆಯ ಕುದುರೆಗಳಲ್ಲಿ, ಮುಖ್ಯವಾಗಿ ಜೂಜಿನ ಥರೋಬ್ರೆಡ್ ತಳಿಯ ಗಂಡುಗಳಲ್ಲಿ, ಕೊರಳಿನ ನಡುಭಾಗದ ನಾಳ ಕಿರಿದಾಗಿದ್ದು ತಲೆ ಬಗ್ಗಿಸಿದಾಗ ಬೆನ್ನುಹುರಿ ಒತ್ತಿಕೊಳ್ಳುತ್ತದೆ. ವಯಸ್ಸಾದ ಕುದುರೆಗಳಲ್ಲಿ ಕೊರಳಿನ ಬುಡದ ಕೀಲುಗಳು ಸವೆದು ಊದಿ ಒತ್ತುತ್ತವೆ.

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಬೆನ್ನುಹುರಿ ಕಾಣುವುದಿಲ್ಲ. ಇದಕ್ಕೆ 1970ರ ದಶಕದ ಕೊನೆಯ ಹೊತ್ತಿಗೆ ಮೈಲೋಗ್ರಫಿ ಬಳಕೆಗೆ ಬಂತು. ಕುದುರೆಗೆ ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸಿ, ನೆತ್ತಿಯ ಹಿಂಭಾಗದಲ್ಲಿ ಸೂಜಿ ಚುಚ್ಚಿ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಔಷಧ ಬಿಡುತ್ತಾರೆ. ಕೊರಳನ್ನು ನೆಟ್ಟಗೆ, ಬಗ್ಗಿಸಿ, ಹಿಂದಕ್ಕೆ ಚಾಚಿ ಚಿತ್ರ ತೆಗೆಯುತ್ತಾರೆ. ಬಿಳಿಯ ಗೆರೆ ಎಲ್ಲಿ ತೆಳುವಾಯಿತೋ ಅಲ್ಲಿ ಒತ್ತಡವಿದೆ. ಇದರಲ್ಲಿ ಅಪಾಯವೂ ಇದೆ. ಮೊದಲೇ ಕಾಲಿನ ಹಿಡಿತ ತಪ್ಪಿರುವ ಸುಮಾರು 500 ಕಿಲೋ ತೂಕದ ಪ್ರಾಣಿ, ಅರಿವಳಿಕೆಯಿಂದ ಎಚ್ಚೆತ್ತು ಏಳುವಾಗ ಬಿದ್ದರೆ ಕಾಲು ಮುರಿಯಬಹುದು. ಅದಕ್ಕಾಗಿ ಸಾದಾ ಎಕ್ಸ್‌ರೇಯಿಂದಲೇ ಅಂದಾಜು ಮಾಡುವ ಲೆಕ್ಕವೊಂದನ್ನು ಸಂಶೋಧಕರು ರೂಪಿಸಿದರು. ನಾಳದ ಅತಿ ಕಿರಿದಾದ ಅಗಲವನ್ನು ಅದೇ ಮೂಳೆಯ ಎತ್ತರದೊಂದಿಗೆ ಹೋಲಿಸುವುದು. ಅದು ಸರಿಸುಮಾರು ಅರ್ಧಕ್ಕಿಂತ ಕಡಿಮೆಯಿದ್ದರೆ ಸಂಶಯಪಡಬೇಕು.

ಕುದುರೆ ಕೊಟ್ಟ ಪಂಜರ

ಕಂಡ ಮೇಲೆ ಮಾಡುವುದೇನು? ಇಲ್ಲಿ ಚರಿತ್ರೆ ಒಂದು ಸುಂದರ ತಿರುವು ತೆಗೆದುಕೊಂಡಿತು. ಅಮೆರಿಕದ ಸ್ಪೋಕೇನ್ ಊರಿನ ಜಾರ್ಜ್ ಬ್ಯಾಗ್ಬಿ ಮನುಷ್ಯರ ಮೂಳೆ ವೈದ್ಯ. ಆತ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯರಾದ ಬ್ಯಾರಿ ಗ್ರಾಂಟ್ ಮತ್ತು ಪಮೇಲಾ ವ್ಯಾಗ್ನರ್ ಜೊತೆ ಸೇರಿ, ತೂತುಗಳಿರುವ ಸಣ್ಣ ಉಕ್ಕಿನ ಬುಟ್ಟಿಯೊಂದನ್ನು ರೂಪಿಸಿದ. ಅದರೊಳಗೆ ಮೂಳೆಯ ಚೂರು ತುಂಬಿ ಎರಡು ಕಶೇರುಮಣಿಗಳ ನಡುವೆ ಕೂರಿಸಿದರೆ ಅವೆರಡೂ ಒಂದಾಗಿ ಬೆಸೆದುಕೊಳ್ಳುತ್ತವೆ. ಅಲ್ಲಾಟ ನಿಂತರೆ ಬೆನ್ನುಹುರಿಗೆ ಬೀಳುವ ಏಟೂ ನಿಲ್ಲುತ್ತದೆ. 1970ರ ದಶಕದ ಕೊನೆಯಲ್ಲಿ ಕುದುರೆಗಳ ಮೇಲೆ ಸಫಲವಾದ ಈ ಉಪಾಯವನ್ನು ಬ್ಯಾಗ್ಬಿ ಮತ್ತು ಕುಸ್ಲಿಚ್ ಮನುಷ್ಯರಿಗೆ ಒಗ್ಗಿಸಿದರು. 1996ರಲ್ಲಿ ಅಮೆರಿಕದ ಔಷಧ ಆಡಳಿತ ಅದಕ್ಕೆ ಅನುಮತಿ ನೀಡಿತು. ಬೆನ್ನುನೋವಿನ ಶಸ್ತ್ರಚಿಕಿತ್ಸೆಯಲ್ಲಿ ಇಂದು ಎಷ್ಟೋ ಜನರ ಬೆನ್ನಿನಲ್ಲಿ ಕೂರುವ ಪಂಜರಗಳ ವಂಶವೃಕ್ಷದಲ್ಲಿ ತೂರಾಡುವ ಕುದುರೆಗಳಿವೆ. ಮನುಷ್ಯರಿಗೆಂದು ಕಂಡುಹಿಡಿದದ್ದು ಪ್ರಾಣಿಗಳಿಗೆ ಹೋಗುವುದು ರೂಢಿ. ಇಲ್ಲಿ ಕುದುರೆಯೇ ಕೊಡುಗೈಯಾಯಿತು.

ಈ ಶಸ್ತ್ರಚಿಕಿತ್ಸೆಗೆ ಒಳಗಾದ ಅತಿ ಪ್ರಸಿದ್ಧ ಕುದುರೆ ಸಿಯಾಟಲ್ ಸ್ಲೂ. 1977ರಲ್ಲಿ ಅಮೆರಿಕದ ಮೂರು ಮುಖ್ಯ ರೇಸುಗಳನ್ನು ಅದುವರೆಗೆ ಒಂದೂ ಸೋಲಿಲ್ಲದೆ ಗೆದ್ದ ಅದರ ಮುದಿತನದಲ್ಲಿ ಕೊರಳಿನ ಕೀಲುಗಳು ಸವೆದು ಬೆನ್ನುಹುರಿಯನ್ನು ಒತ್ತಿದವು. 2000ದಲ್ಲಿ ಕೊರಳಿನ ಮೂಳೆಗಳನ್ನು ಬೆಸೆಯಲಾಯಿತು. ಚೇತರಿಸಿಕೊಂಡಿತು. 2002ರಲ್ಲಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು. ಅದೇ ವರ್ಷ ಮೇ 7ರಂದು, ಕೆಂಟಕಿ ಡರ್ಬಿ ಗೆದ್ದು ಸರಿಯಾಗಿ 25 ವರ್ಷ ತುಂಬಿದ ದಿನ, ಅದು ಸತ್ತಿತು.

ಕಂಡದ್ದೆಲ್ಲ ಐಬೇ?

1990ರ ದಶಕದಿಂದೀಚೆಗೆ ಕೊರಳು ನೋಡುವ ಕಣ್ಣುಗಳು ಹೆಚ್ಚಿದವು. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಎಡಬಲದ ಕೀಲುಗಳು ಒಂದರ ಮೇಲೊಂದು ಬಿದ್ದು ಗೊಂದಲವಾಗುತ್ತಿತ್ತು. ಓರೆಯಾಗಿ ಕಿರಣ ಹಾಯಿಸಿ ಅವನ್ನು ಬೇರೆ ಬೇರೆಯಾಗಿ ನೋಡುವುದು ರೂಢಿಗೆ ಬಂತು. ಅಲ್ಟ್ರಾಸೌಂಡ್ ಬಂದ ಮೇಲೆ ಕೀಲಿನ ಅಂಚನ್ನು ತೆರೆಯ ಮೇಲೆ ನೋಡುತ್ತಲೇ ಸೂಜಿಯನ್ನು ಒಳಗಿಳಿಸಿ ಉರಿಯೂತ ತಗ್ಗಿಸುವ ಔಷಧ ಕೊಡುವುದು ಸಾಧ್ಯವಾಯಿತು.

ದೊಡ್ಡ ಜಿಗಿತ ಸಿ.ಟಿ. ಸ್ಕ್ಯಾನಿನದು. 1971ರಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್‌ನ ಯಂತ್ರ ಮೊದಲ ರೋಗಿಯ ಮೆದುಳನ್ನು ಪದರ ಪದರವಾಗಿ ತೋರಿಸಿತ್ತು. ಕುದುರೆಯ ಕೊರಳಿಗೆ ಅದು ಒದಗಿ ಬರಲು ದಶಕಗಳೇ ಹಿಡಿದವು. ಕಾರಣ ತೀರಾ ಸರಳ. ಯಂತ್ರದ ಬಳೆ ಮನುಷ್ಯನ ಅಳತೆಯದು. ಕುದುರೆಯ ತಲೆ ಹೋಗುತ್ತದೆ, ಕೊರಳಿನ ಅರ್ಧ ಹೋಗುತ್ತದೆ, ಹೆಗಲು ಅಡ್ಡ ಬರುತ್ತದೆ. ರೋಗ ಇರುವುದು ಹೆಗಲಿನ ಮಗ್ಗುಲಲ್ಲೇ. ದೊಡ್ಡ ಬಳೆಯ ಯಂತ್ರಗಳು ಬಂದ ಮೇಲೆ ದೊಡ್ಡ ಆಸ್ಪತ್ರೆಗಳಲ್ಲಿ ಕೊರಳಿನ ಬುಡದವರೆಗೂ ನೋಡುವುದು ಸಾಧ್ಯವಾಗಿದೆ. 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯ ಆಸ್ಪತ್ರೆ, ನಿಂತ ಕುದುರೆಯ ಸುತ್ತ ತಾನೇ ಸುತ್ತಿ ಚಿತ್ರ ತೆಗೆಯುವ ರೋಬೋ ಕೈಗಳನ್ನು ಬಳಕೆಗೆ ತಂದಿತು. ಎಕ್ಸ್‌ರೇ ತೋರಿಸದ ಸಂಗತಿಗಳು, ಮುಖ್ಯವಾಗಿ ನರ ಹೊರಬೀಳುವ ಕಂಡಿ ಎಷ್ಟು ಕಿರಿದಾಗಿದೆ ಎಂಬುದು, ಸಿ.ಟಿ.ಯಲ್ಲಿ ಕಾಣುತ್ತದೆ.

ಇಷ್ಟೆಲ್ಲ ಕಾಣತೊಡಗಿದ ಮೇಲೆ ವೈದ್ಯರು ಕಲಿತ ಪಾಠವೊಂದಿದೆ. ಯಾವ ತೊಂದರೆಯೂ ಇಲ್ಲದೆ ಓಡಾಡಿಕೊಂಡಿರುವ, ಬೇಲಿ ಹಾರುವ, ಸ್ಪರ್ಧೆ ಗೆಲ್ಲುವ ಎಷ್ಟೋ ಕುದುರೆಗಳ ಕೊರಳಿನ ಬುಡದ ಕೀಲುಗಳೂ ಚಿತ್ರದಲ್ಲಿ ಊದಿರುತ್ತವೆ. ಕೆಲವು ಕುದುರೆಗಳಲ್ಲಿ ಆರು, ಏಳನೇ ಮೂಳೆಗಳ ಆಕಾರವೇ ಹುಟ್ಟಿನಿಂದ ಬೇರೆ. ಅದು ನೋವಿನ ಕಾರಣವೇ ಅಥವಾ ಮನುಷ್ಯರ ಮೂಗಿನಂತೆ ಬರಿಯ ವ್ಯತ್ಯಾಸವೇ ಎಂಬ ವಾದ ಇನ್ನೂ ಮುಗಿದಿಲ್ಲ. ಇನ್ನೊಂದು ಕಡೆ, ಚಿತ್ರ ಅಚ್ಚುಕಟ್ಟಾಗಿದ್ದೂ ಕುದುರೆ ನೋಯುತ್ತಿರಬಹುದು.

ಹಳೆಯ ಐಬಿನ ಪ್ರಶ್ನೆ ಇಲ್ಲಿ ಹೊಸ ರೂಪದಲ್ಲಿ ಎದ್ದು ನಿಲ್ಲುತ್ತದೆ. ಪಶ್ಚಿಮದ ದೇಶಗಳಲ್ಲಿ ದುಬಾರಿ ಕುದುರೆಗಳ ವ್ಯಾಪಾರಕ್ಕೆ ಮುಂಚೆ ಎಕ್ಸ್‌ರೇ ತೆಗೆಸುವುದು ರೂಢಿ. ಕೊರಳಿನ ಚಿತ್ರದಲ್ಲಿ ಸಣ್ಣದೊಂದು ನೆರಳು ಕಂಡರೆ ಬೆಲೆ ಬಿದ್ದುಹೋಗುತ್ತದೆ. ಬೆಲೆ ಬಿದ್ದ ಕುದುರೆಯ ಮುಂದಿನ ದಾರಿ ಯಾವುದೆಂದು ಹೇಳಬೇಕಾಗಿಲ್ಲ. ಫಿಕ್ಹ್‌ನ ಪಂಡಿತರು ಸಾಮಾನ್ಯವಾಗಿ ಐಬನ್ನು ಅಳೆದದ್ದು, ಅದು ವಸ್ತುವಿನ ಬೆಲೆಯನ್ನು ಅಥವಾ ಉಪಯೋಗವನ್ನು ಕುಗ್ಗಿಸುತ್ತದೆಯೇ ಎಂಬುದರಿಂದ. ಕುದುರೆಯ ನಡಿಗೆಯನ್ನೂ ಕೆಲಸವನ್ನೂ ಕುಗ್ಗಿಸದ ನೆರಳು ಬರಿಯ ಭಯದಿಂದ ಬೆಲೆಯನ್ನು ಕುಗ್ಗಿಸಿದರೆ, ಐಬು ಇರುವುದು ಕುದುರೆಯಲ್ಲೋ ನೋಡುವವರಲ್ಲೋ? ಒಬ್ಬನ ಮಾತಿನಿಂದಲೇ ತೀರ್ಪು ಕೊಡದೆ ಇನ್ನೊಂದು ಸಾಕ್ಷಿ ಕೇಳುವುದು ನ್ಯಾಯಾಧೀಶರ ವಾಡಿಕೆ. ಕ್ಷ-ಕಿರಣದ ಚಿತ್ರವೂ ಒಬ್ಬ ಸಾಕ್ಷಿ, ಅಷ್ಟೇ. ಕುದುರೆಯ ನಡಿಗೆ ಎರಡನೇ ಸಾಕ್ಷಿ. ಆದ್ದರಿಂದಲೇ ಒಳ್ಳೆಯ ವೈದ್ಯರು ಇಂದಿಗೂ ಯಂತ್ರ ತಿರುಗಿಸುವ ಮೊದಲು ಕುದುರೆಯನ್ನು ಸಣ್ಣ ಸುತ್ತಿನಲ್ಲಿ ತಿರುಗಿಸಿ, ಇಳಿಜಾರಿನಲ್ಲಿ ತಲೆ ಎತ್ತಿಸಿ ನಡೆಸಿ, ನಡೆಯುವಾಗ ಬಾಲ ಹಿಡಿದು ಪಕ್ಕಕ್ಕೆಳೆದು ನೋಡುತ್ತಾರೆ. ಬೈತಾರನ ಕಣ್ಣು ಮತ್ತು ಕೈ ಕೆಲಸ ಕಳೆದುಕೊಂಡಿಲ್ಲ.

ಈ ಯಂತ್ರಗಳೆಲ್ಲ ಓಡಿಹೋದದ್ದು ರೇಸಿನ ಮತ್ತು ಸ್ಪರ್ಧೆಯ ಕುದುರೆಗಳ ಬಳಿಗೆ. ನಮ್ಮ ಊರುಗಳಲ್ಲಿ ಜಟಕಾ, ಟಾಂಗಾ ಎಳೆದ ಕುದುರೆಗಳ ಕೊರಳನ್ನು ಯಾರೂ ಚಿತ್ರ ತೆಗೆಯಲಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಅವುಗಳ ಲಗಾಮು ಹಿಡಿದವರಲ್ಲಿ ಬಹಳ ಮಂದಿ ನಮ್ಮವರೇ, ದಿನದ ಗಳಿಕೆಯಲ್ಲಿ ಕುದುರೆಗೂ ಮಕ್ಕಳಿಗೂ ಹಂಚಿ ಉಣ್ಣಿಸಿದವರು. ಅವರಿಗೆ ಸಿ.ಟಿ. ಸ್ಕ್ಯಾನ್ ತೆಗೆಸಿ ಎಂದು ಹೇಳುವುದು ಅಪಹಾಸ್ಯ. ಆದರೆ ಆ ಯಂತ್ರಗಳು ಕಂಡುಕೊಟ್ಟ ತಿಳಿವಳಿಕೆಗೆ ದುಡ್ಡು ಬೇಕಿಲ್ಲ. ನೆಲದ ಮೇಲಿನ ಮೇವಿಗೆ ಬಾಯಿ ಹಾಕಲು ಕುದುರೆ ಮುಂಗಾಲು ಅಗಲಿಸಿ ಒದ್ದಾಡುತ್ತಿದ್ದರೆ, ಒಂದೇ ಪಕ್ಕಕ್ಕೆ ತಿರುಗಲು ಒಲ್ಲೆನೆಂದರೆ, ಹಿಂಗಾಲಿನ ಲಾಳದ ಮೂತಿ ಸವೆಯುತ್ತಿದ್ದರೆ, ತೊಂದರೆ ಕೊರಳಿನಲ್ಲಿರಬಹುದು. ಅಂಥ ಕುದುರೆಯನ್ನು ಗಾಡಿಗೆ ಹೂಡದೆ ಪಶುವೈದ್ಯರಿಗೆ ತೋರಿಸಬೇಕು.

ಮದೀನಾದ ತೋಟವೊಂದರಲ್ಲಿ ಪ್ರವಾದಿ(ಸ)ಯವರನ್ನು ಕಂಡ ಒಂಟೆಯೊಂದು ನರಳಿ ಕಣ್ಣೀರಿಟ್ಟಿತೆಂದೂ ಅವರು ಅದರ ಕಿವಿಯ ಹಿಂಭಾಗ ನೇವರಿಸಿ ಸಮಾಧಾನಪಡಿಸಿದರೆಂದೂ ಹದೀಸಿನಲ್ಲಿದೆ. ಹಸಿವಿನಲ್ಲಿಟ್ಟು ದುಡಿಸುತ್ತಿರುವುದಾಗಿ ಅದು ದೂರಿಕೊಂಡಿದೆಯೆಂದು ಅವರು ಅದರ ಒಡೆಯನನ್ನು ಕರೆಸಿ ತಿಳಿಸಿದರು. ಒಂಟೆಯ ಮಾತು ನಮಗೆ ಕೇಳಿಸುವುದಿಲ್ಲ, ಕುದುರೆಯದೂ ಕೇಳಿಸುವುದಿಲ್ಲ. ಕ್ಷ-ಕಿರಣ ಬಂದು ನೂರು ವರ್ಷ ಕಳೆದ ಮೇಲೆ ನಮಗೆ ಖಚಿತವಾಗಿ ಗೊತ್ತಾಗಿರುವುದು ಇಷ್ಟು: ಹಟಮಾರಿಯೆಂದು ಏಟು ತಿಂದ ಕುದುರೆಗಳಲ್ಲಿ ಎಷ್ಟೋ ಕುದುರೆಗಳ ಕೊರಳಿನಲ್ಲಿ ನಿಜವಾದ ನೋವಿತ್ತು. ಚಬುಕು ಎತ್ತುವ ಮುಂಚೆ ಅದನ್ನು ನೆನೆಯಲು ಯಾವ ಯಂತ್ರವೂ ಬೇಕಾಗಿಲ್ಲ.